ಸಪ್ಲಿಮೆಂಟ್‌ಗೆ ಕನ್ನಡದಲ್ಲಿ ಏನಂತಾರೆ ಅಣ್ಣಾ?

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡ ಮಾಡಿಕೊಡುವ ಕೆಲಸವೂ ನನ್ನ ತಲೆಗೇ. ಅಲ್ಲಿ ಪದೇಪದೇ ಬರುವ ಪ್ರಶ್ನೆ ಇದು. ನಾನು ತಿರುಗಿ ಕೇಳುತ್ತೇನೆ: "ಯಾವ ಸಪ್ಲಿಮೆಂಟು?"

ಪೇಪರ್ ಜೊತೆ ಬರುವುದಾದರೆ ಪುರವಣಿ. ಅದರಲ್ಲಿ ತಕರಾರೇ ಇಲ್ಲ. ಮರಾಠಿಯಲ್ಲೂ ಪುರವಣಿಯೇ, ಪರೀಕ್ಷೆಯಲ್ಲಿ ಹೆಚ್ಚಿಗೆ ಇಸಿದುಕೊಂಡು ದಾರ ಕಟ್ಟುವ ಹಾಳೆಗೂ ಅವರು ಹಾಗೇ ಅಂತಾರೆ. ನಮ್ಮ ಹುಡುಗರಿಗೆ ಅದು ಅಡಿಷನಲ್ ಶೀಟ್. ಸಪ್ಲಿಮೆಂಟರಿ ಅಂದರೆ ಫೇಲಾದವರ ಪರೀಕ್ಷೆ. 2024ರಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗೆ ಪರೀಕ್ಷೆ 1, 2, 3 ಅಂತ ಬಂದು ಆ ಹೆಸರೇ ಹೋಯಿತು. ಅಪ್ಪಂದಿರು ಮಾತ್ರ ಇನ್ನೂ "ಸಪ್ಲಿಮೆಂಟರಿ ಕಟ್ಟಿಯೇನಲೇ?" ಅಂತಲೇ ಕೇಳುತ್ತಾರೆ.

ನಾನು ಎಡವಿದ್ದು ಗಣಿತದಲ್ಲಿ. ಟ್ಯೂಷನ್ ನೋಟ್ಸ್ ಒಂದರಲ್ಲಿ 'ಸಪ್ಲಿಮೆಂಟರಿ ಆಂಗಲ್ಸ್' ಇತ್ತು. ಸುಮ್ನೆ 'ಪೂರಕ ಕೋನಗಳು' ಅಂತ ಹೊಡೆದೆ. ಸಂಜೆ ಮೇಷ್ಟ್ರು ಬಂದು ಪ್ರೂಫ್ ಹಾಳೆಯನ್ನು ಟೇಬಲ್ ಮೇಲೆ ಹರಡಿದರು. 120, 60 ಡಿಗ್ರಿಯ ಚಿತ್ರದ ಕೆಳಗೆ ಎರಡು ಕೆಂಪು ಗೀಟು. ಕೂಡಿದರೆ 90 ಆಗುವುದು ಪೂರಕ, 180 ಆದರೆ ಪರಿಪೂರಕ. 'ಪರಿ' ಬಿಟ್ಟಿದ್ದಕ್ಕೆ ಪೂರ್ತಿ 90 ಡಿಗ್ರಿ ಎಡವಟ್ಟು!

ಆದರೆ ಈ ಪದದ ಗುಟ್ಟು ತಿಳಿದದ್ದು ಅವತ್ತೇ. 120ಕ್ಕೆ 60 ಬೇಕು. 61 ಸೇರಿದರೆ ಕೆಟ್ಟಿತು. ಸಪ್ಲಿಮೆಂಟ್ ಅಂದರೆ ಕಡಿಮೆ ಬಿದ್ದದ್ದನ್ನು ತುಂಬುವುದು. ಲ್ಯಾಟಿನ್ ಮೂಲದ ಅರ್ಥವೂ ಅದೇ. ರೋಮನ್ನರ ದಂಡಿನಲ್ಲಿ ಖಾಲಿ ಬಿದ್ದ ಜಾಗಕ್ಕೆ ಸೇರಿಸುತ್ತಿದ್ದ ಹೊಸ ಸೈನಿಕರಿಗೂ ಇದೇ ಹೆಸರು. ಹಾಗಾಗಿ 'ಹೆಚ್ಚುವರಿ' ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಮಂಡಕ್ಕಿ ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕ್ತಾರಲ್ವಾ, ಅದು ಹೆಚ್ಚುವರಿ. ಕೊಸರು ಬೀಳದಿದ್ದರೂ ಸೇರು ತುಂಬಿಯೇ ಇರುತ್ತದೆ.

ಈಗ ಜಾಸ್ತಿ ಬರುವುದು ಜಿಮ್ ಹುಡುಗರು. ಮೊನ್ನೆ ಒಬ್ಬ ಪ್ರೋಟೀನ್ ಪುಡಿಯ ಪಾಂಪ್ಲೆಟ್‌ಗೆ 'ಔಷಧ' ಅಂತ ಹಾಕಿ ಅಂದ. ಆಗಲ್ಲಪ್ಪ ಅಂದೆ. ಹೆಲ್ತ್ ಸಪ್ಲಿಮೆಂಟ್ ಡಬ್ಬಿಯ ಮೇಲೆ, ಇದು ಔಷಧವಾಗಿ ಬಳಸುವುದಕ್ಕಲ್ಲ ಅಂತ ಅಚ್ಚು ಹಾಕಬೇಕೆಂದು ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮವೇ ಇದೆ. 'ಪೂರಕ ಆಹಾರ' ಅಂತ ಟೈಪ್ ಮಾಡಿ ತೋರಿಸಿದೆ. ಮುಖ ಸಣ್ಣಗೆ ಮಾಡಿಕೊಂಡ.

"ಅಣ್ಣಾ, ಅಂಗನವಾಡಿ ಹಿಟ್ಟು ಅನ್ಕಂತಾರೆ. ಸಪ್ಲಿಮೆಂಟ್ ಅಂತಲೇ ಬಿಡ್ರಿ."

ಬಿಟ್ಟೆ.