ತಪ್ಪು ನಕ್ಷೆಗಳನ್ನು ಇಟ್ಟುಕೊಂಡು ಏನು ಮಾಡ್ತೀರಿ?

ಮನೆಗೆ ಬಂದವರು ಗೋಡೆ ನೋಡಿ ಕೇಳುವುದು ಇದನ್ನೇ, ಫೋಟೋ ಹಾಕಿದರೆ ಕೆಳಗೆ ಬರುವ ಪ್ರಶ್ನೆಯೂ ಇದೇ: "ಈ ಹಳೇ ನಕ್ಷೆಗಳೆಲ್ಲ ತಪ್ಪಲ್ವಾ ಸಾರ್? ಇಂಡಿಯಾ ಇಂಡಿಯಾ ಥರಾನೇ ಇಲ್ಲ. ಮೊಬೈಲಲ್ಲಿ ಸರಿಯಾದ್ದು ಇರೋವಾಗ ಇದನ್ನ ನೋಡಿ ಏನು ಪ್ರಯೋಜನ?"

ತಪ್ಪು ಹೌದು. ಆದರೆ ನಾನು ಅವುಗಳಲ್ಲಿ ತಪ್ಪು ಹುಡುಕುವುದಿಲ್ಲ, ಸರಿ ಹುಡುಕುತ್ತೇನೆ. ಐನೂರು ವರ್ಷದ ಹಿಂದಿನ ಒಂದು ಹಾಳೆಯಲ್ಲಿ ಯಾವುದೋ ದೂರದ ತೀರ ಇವತ್ತಿನ ಉಪಗ್ರಹ ಚಿತ್ರದ ಹತ್ತಿರಕ್ಕೆ ಬರುತ್ತದೆ ಎಂದರೆ, ಅಲ್ಲಿಗೆ ಯಾರೋ ದುಡ್ಡು ಸುರಿದು ಹಡಗು ಕಳಿಸಿದ್ದಾರೆ ಎಂದು ಅರ್ಥ. ಅದೇ ತೀರದಿಂದ ಒಂದು ಬೆರಳು ಒಳಗೆ ಹೋದರೆ ಆನೆ, ಸಿಂಹ, ಡೇರೆಯಲ್ಲಿ ಕೂತ ರಾಜ. ಅಲ್ಲಿಯವರೆಗೆ ಹೋಗುವ ಗರಜು ಯಾರಿಗೂ ಬಿದ್ದಿರಲಿಲ್ಲ. ನಕ್ಷೆಯ ನಿಖರತೆ ಎಲ್ಲ ಕಡೆ ಒಂದೇ ಸಮ ಹರಡುವುದಿಲ್ಲ. ಅದು ಯಾರಿಗೋ ಬೇಕಾದ ಕಡೆ ಮೊದಲು ಬರುತ್ತದೆ.

ಗ್ರೀಕ್ ಭೂಗೋಳಜ್ಞ ಟಾಲೆಮಿಯಿಂದಲೇ ನೋಡಿ. ಕ್ರಿ.ಶ. 150ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ಕೂತು ಬರೆದವನು. ಅವನ ಲೆಕ್ಕದಲ್ಲಿ ನಮ್ಮ ಪರ್ಯಾಯ ದ್ವೀಪವೇ ಇಲ್ಲವೆನ್ನುವಷ್ಟು ಚಪ್ಪಟೆ, ಸಿಂಹಳವೋ ಬೆಟ್ಟದಷ್ಟು ದೊಡ್ಡದು. ಆದರೂ ಕೇರಳ ತೀರದ ಮುಜಿರಿಸ್ ಬಂದರು ಅವನಿಗೆ ಗೊತ್ತು, ನಮ್ಮ ಬನವಾಸಿ ಎಂದು ವಿದ್ವಾಂಸರು ಗುರುತಿಸುವ ಹೆಸರೂ ಅವನ ಪಟ್ಟಿಯಲ್ಲಿದೆ. ಮೆಣಸಿಗಾಗಿ ಬಂದು ಹೋಗುತ್ತಿದ್ದ ವ್ಯಾಪಾರಿಗಳ ಬಾಯಿಂದ ಬಂದ ಜ್ಞಾನ ಅದು. ಬಂದರು ಗೊತ್ತು, ನಾಡಿನ ಆಕಾರ ಗೊತ್ತಿಲ್ಲ.

ನನಗೆ ಅತಿ ಇಷ್ಟವಾದ ನಕ್ಷೆ 1502ರ ಕ್ಯಾಂಟಿನೋ ಭೂಪಟ. ಅದು ಕದ್ದ ಮಾಲು. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದು ಹೋದ ಮೇಲೆ ಪೋರ್ಚುಗೀಸರಿಗೆ ಸಮುದ್ರದ ದಾರಿಯೇ ಬಂಡವಾಳ. ಹೊಸದಾಗಿ ಗೊತ್ತಾದದ್ದನ್ನೆಲ್ಲ ಲಿಸ್ಬನ್ನಿನಲ್ಲಿ ಒಂದು ಮೂಲ ಪಟದ ಮೇಲೆ ಏರಿಸುತ್ತಿದ್ದರು, ಅದನ್ನು ಹೊರಗಿನವರಿಗೆ ತೋರಿಸುವಂತಿರಲಿಲ್ಲ. ಇಟಲಿಯ ಫೆರಾರಾದ ಡ್ಯೂಕನಿಗೆ ಆ ಮಾಹಿತಿ ಬೇಕಾಯಿತು. ಅವನ ಏಜೆಂಟ್ ಆಲ್ಬರ್ಟೊ ಕ್ಯಾಂಟಿನೋ 12 ಚಿನ್ನದ ಡಕೆಟ್ ಕೊಟ್ಟು ಯಾರಿಂದಲೋ ಒಂದು ಪ್ರತಿ ಮಾಡಿಸಿಕೊಂಡು ಸಾಗಿಸಿದ. ಬರೆದವನ ಹೆಸರು ಇವತ್ತಿಗೂ ಯಾರಿಗೂ ಗೊತ್ತಿಲ್ಲ, ಕದ್ದವನ ಹೆಸರು ನಕ್ಷೆಗೇ ಅಂಟಿಕೊಂಡಿತು.

ಆಫ್ರಿಕಾದ ತೀರ ಅದರಲ್ಲಿ ಎಷ್ಟು ಚೆನ್ನಾಗಿ ಬಂದಿದೆ ಎಂದರೆ ಮೊದಲ ಸಲ ನೋಡಿದವರು ನಂಬುವುದಿಲ್ಲ. ಉದ್ದಕ್ಕೂ ಪೋರ್ಚುಗಲ್ಲಿನ ಬಾವುಟಗಳು. ಭಾರತ ಟಾಲೆಮಿಯ ಚಪ್ಪಟೆತನ ಬಿಟ್ಟು ತ್ರಿಕೋನವಾಗಿ ಸಮುದ್ರಕ್ಕೆ ಚಾಚಿದೆ, ಕಲ್ಲಿಕೋಟೆಯ ಹತ್ತಿರ ಅಲ್ಲಿ ಸಿಗುವ ಸರಕುಗಳ ವಿವರ ಬರೆದಿದೆ. ಅಟ್ಲಾಂಟಿಕ್ ಸಮುದ್ರದ ನಡುವೆ ಮೇಲಿಂದ ಕೆಳಗೆ ಒಂದು ಗೆರೆ. ಅದು 1494ರ ಟೋರ್ಡೆಸಿಲ್ಯಾಸ್ ಒಪ್ಪಂದದ ಗೆರೆ. ಕೇಪ್ ವರ್ಡ್ ದ್ವೀಪಗಳಿಂದ ಪಶ್ಚಿಮಕ್ಕೆ 370 ಲೀಗ್ ದೂರದಲ್ಲಿ ಗೆರೆ ಎಳೆದು, ಆಚೆಯದು ಸ್ಪೇನಿಗೆ, ಈಚೆಯದು ಪೋರ್ಚುಗಲ್ಲಿಗೆ ಎಂದು ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡಂತೆ ಎರಡು ರಾಜ್ಯಗಳು ಲೋಕವನ್ನು ಹಂಚಿಕೊಂಡಿದ್ದವು. ಜಮೀನಿನಲ್ಲಿ ವಾಸವಿದ್ದವರನ್ನು ಯಾರೂ ಕೇಳಿರಲಿಲ್ಲ. ಈಗ ಉತ್ತರಕ್ಕೆ ನೋಡಿ, ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಆ ಗೆರೆಯಿಂದ ಸ್ವಲ್ಪವೇ ಪೂರ್ವಕ್ಕೆ, ಅಂದರೆ ಪೋರ್ಚುಗಲ್ಲಿನ ಪಾಲಿಗೆ ಬಿದ್ದಿದೆ. ನಿಜದಲ್ಲಿ ಅದು ಇರುವುದು ಗೆರೆಯ ಪಶ್ಚಿಮಕ್ಕೆ. ಆಫ್ರಿಕಾದ ತೀರವನ್ನು ಅಷ್ಟು ಸರಿಯಾಗಿ ಬರೆದ ಕೈ ಇಲ್ಲಿ ಮಾತ್ರ ಜಾರಿತು ಎಂದರೆ ನಂಬುವುದು ಕಷ್ಟ.

(ಈ ನಕ್ಷೆಯ ಮುಂದಿನ ಕಥೆಯೂ ಚೆನ್ನಾಗಿದೆ. 1859ರ ಗಲಭೆಯಲ್ಲಿ ಮೊಡೆನಾದ ಅರಮನೆಯಿಂದ ಕಾಣೆಯಾಗಿ, ಕೆಲವು ವರ್ಷಗಳ ಮೇಲೆ ಅದೇ ಊರಿನ ಒಂದು ಮಾಂಸದಂಗಡಿಯಲ್ಲಿ ಸಿಕ್ಕಿತು. ಈಗ ಅಲ್ಲಿನ ಎಸ್ಟೆನ್ಸೆ ಗ್ರಂಥಾಲಯದಲ್ಲಿದೆ.)

ಅಟ್ಲಾಂಟಿಕ್‌ನಲ್ಲಿ ಎಳೆದ ಗೆರೆ ಭೂಮಿಯ ಬೆನ್ನ ಹಿಂದೆ ಎಲ್ಲಿ ಬರುತ್ತದೆ? ಗೋಲವಲ್ಲವೇ, ಆ ಕಡೆಯೂ ಒಂದು ಗಡಿ ಬೇಕು. ಅಲ್ಲಿದ್ದದ್ದು ಇಂದಿನ ಇಂಡೋನೇಷ್ಯಾದ ಮಲುಕು ದ್ವೀಪಗಳು, ಆಗ ಲವಂಗ ಬೆಳೆಯುತ್ತಿದ್ದ ಒಂದೇ ಒಂದು ಜಾಗ. ಸಮುದ್ರದ ಮೇಲೆ ರೇಖಾಂಶ ಅಳೆಯುವ ವಿದ್ಯೆ ಯಾರಿಗೂ ಇರಲಿಲ್ಲ. 1524ರಲ್ಲಿ ಎರಡೂ ಕಡೆಯ ಪಂಡಿತರು ಗಡಿಯ ಊರುಗಳಲ್ಲಿ ಕೂತು ವಾದ ಮಾಡಿ ಏನೂ ತೀರ್ಮಾನವಾಗದೆ ಎದ್ದರು. ಸ್ಪೇನಿನ ಕಡೆ ಕೆಲಸ ಮಾಡುತ್ತಿದ್ದ ನಕ್ಷೆಗಾರ ಡಿಯೋಗೊ ರಿಬೇರೊ ಹುಟ್ಟಾ ಪೋರ್ಚುಗೀಸ. 1529ರ ಅವನ ಲೋಕಪಟದಲ್ಲಿ ಮಲುಕು ದ್ವೀಪಗಳು ಸ್ಪೇನಿನ ಅರ್ಧದೊಳಗೆ, ಗಡಿಯಿಂದ ಏಳೂವರೆ ಡಿಗ್ರಿ ಈಚೆಗೆ ಕೂತಿವೆ. ಸುತ್ತ ಖಗೋಳ ಯಂತ್ರಗಳ ಅಂದವಾದ ಚಿತ್ರ. ನೋಡಿದರೆ ಅಳತೆ ಮಾಡಿಯೇ ಬರೆದಿದ್ದಾರೆ ಎನ್ನಿಸಬೇಕು, ಅದಕ್ಕೇ ಆ ಚಿತ್ರಗಳು. ಅದೇ ವರ್ಷ ಸರಗೋಸಾ ಒಪ್ಪಂದದಲ್ಲಿ ಸ್ಪೇನಿನ ದೊರೆ ತನ್ನ ಹಕ್ಕನ್ನು 3,50,000 ಡಕೆಟ್‌ಗೆ ಪೋರ್ಚುಗಲ್ಲಿಗೆ ಬಿಟ್ಟುಕೊಟ್ಟ. ನಿಜವಾದ ಅಳತೆಯ ಪ್ರಕಾರ ದ್ವೀಪಗಳು ಮೊದಲಿನಿಂದಲೂ ಪೋರ್ಚುಗಲ್ಲಿನ ಪಾಲಿನಲ್ಲೇ ಇದ್ದವು. ತನ್ನದಲ್ಲದ ಸೊತ್ತನ್ನು ಅದರ ಯಜಮಾನನಿಗೇ ಮಾರಿದ ವ್ಯವಹಾರ ಅದು (ನಿಜವಾದ ಯಜಮಾನರು ಟೆರ್ನಾಟೆ, ಟಿಡೋರೆಯ ಸುಲ್ತಾನರು ಎಂಬ ಮಾತು ಬೇರೆ). ಒಂದು ನಕ್ಷೆ ವಕೀಲನ ಕೆಲಸ ಮಾಡಿದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಪೋರ್ಚುಗೀಸರ ಗುಟ್ಟು ಒಡೆದದ್ದು ನಮ್ಮ ಪಕ್ಕದ ಗೋವಾದಿಂದ. ಯಾನ್ ಹೈಖೆನ್ ಫಾನ್ ಲಿನ್‌ಸ್ಕೋಟೆನ್ ಎಂಬ ಡಚ್ ಹುಡುಗ 1583ರಲ್ಲಿ ಗೋವಾದ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿ ಬಂದ. ಐದಾರು ವರ್ಷ ಕೈಗೆ ಸಿಕ್ಕ ಹಡಗುದಾರಿಯ ವಿವರಗಳನ್ನೆಲ್ಲ ಬರೆದಿಟ್ಟುಕೊಂಡು ಊರಿಗೆ ಮರಳಿ, 1596ರಲ್ಲಿ ನಕ್ಷೆಗಳ ಸಮೇತ ಅಚ್ಚು ಹಾಕಿಸಿದ. ಎರಡು ವರ್ಷಕ್ಕೆ ಇಂಗ್ಲಿಷಿಗೂ ಬಂತು. 1600ರಲ್ಲಿ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ, 1602ರಲ್ಲಿ ಡಚ್ಚರದ್ದು. ಒಂದು ಪುಸ್ತಕದಿಂದಲೇ ಎರಡು ಕಂಪನಿ ಹುಟ್ಟಿದವು ಎಂದರೆ ಉತ್ಪ್ರೇಕ್ಷೆ. ಆದರೆ ದಾರಿ ಗೊತ್ತಿಲ್ಲದೆ ಯಾರೂ ಬಂಡವಾಳ ಹಾಕುವುದಿಲ್ಲ.

ಆ ಕಾಲದ ಯುರೋಪಿನ ನಕ್ಷೆಗಳಲ್ಲಿ ನಮ್ಮ ಕಡೆಯನ್ನು ಒಮ್ಮೆ ನೋಡಬೇಕು. ಕರಾವಳಿಯಲ್ಲಿ ಹೆಸರುಗಳ ನೂಕುನುಗ್ಗಲು: ಹೊನ್ನಾವರ 'ಓನೋರ್', ಭಟ್ಕಳ 'ಬಟಿಕಲಾ', ಬಸರೂರು 'ಬಾರ್ಸೆಲೋರ್', ಮಂಗಳೂರು. ಮೆಣಸು, ಅಕ್ಕಿ ಸಿಗುವ ಒಂದು ಬಂದರೂ ಬಿಟ್ಟುಹೋಗಿಲ್ಲ. ಘಟ್ಟ ಹತ್ತಿದರೆ ಮುಗಿಯಿತು, ನಾಲ್ಕು ಗುಡ್ಡ, ಒಂದು ನದಿ, ದೊಡ್ಡಕ್ಷರದಲ್ಲಿ 'ನರಸಿಂಗ' ಅಥವಾ 'ಬಿಸ್ನಗರ್'. ವಿಜಯನಗರ 1565ರಲ್ಲಿ ಹಾಳಾದ ಮೇಲೂ ದಶಕಗಳ ಕಾಲ ಆ ಹೆಸರು ಹಾಗೇ ಅಚ್ಚಾಗುತ್ತಾ ಹೋಯಿತು.

ಇಷ್ಟು ಹೇಳಿದಾಗ ಬರುವ ಎದುರು ಪ್ರಶ್ನೆ: "ಹಾಗಾದರೆ ಅಧಿಕಾರದ ಹುಚ್ಚು ಯುರೋಪಿನವರಿಗೆ ಮಾತ್ರವೇ?" ಅಲ್ಲ. 1402ರ ಕೊರಿಯಾದ ಕಾಂಗ್ನಿಡೊ ಭೂಪಟದಲ್ಲಿ ನಡುವೆ ಬೃಹತ್ ಚೀನಾ, ಪಕ್ಕದಲ್ಲಿ ಆಫ್ರಿಕಾವನ್ನೂ ಮೀರಿಸುವ ಕೊರಿಯಾ. ನಮ್ಮ ಜ್ಯೋತಿಷಿಗಳ ಸೊನ್ನೆ ರೇಖೆ ಹಾದುಹೋಗುವುದು ಉಜ್ಜಯಿನಿಯ ಮೇಲೆ. ಜಹಾಂಗೀರನಂತೂ ಭೂಗೋಲದ ಮೇಲೆಯೇ ನಿಂತುಬಿಟ್ಟ. 1618ರ ಸುಮಾರಿಗೆ ಅವನ ಕಲಾವಿದ ಅಬುಲ್ ಹಸನ್ ಬರೆದ ಚಿತ್ರದಲ್ಲಿ, ಜಹಾಂಗೀರ ತಾನು ಎಂದೂ ಭೇಟಿಯಾಗದ ಇರಾನಿನ ಷಾ ಅಬ್ಬಾಸನನ್ನು ತಬ್ಬಿಕೊಂಡಿದ್ದಾನೆ. ಕಾಲ ಕೆಳಗಿನ ಗೋಲದ ಮೇಲೆ ಮೊಗಲರ ಸಿಂಹ ಆರಾಮಾಗಿ ಮೈಚಾಚಿ ಇರಾನಿನ ಕುರಿಯನ್ನು ಮೆಡಿಟರೇನಿಯನ್ ಸಮುದ್ರದ ಕಡೆಗೆ ತಳ್ಳುತ್ತಿದೆ. ಸ್ನೇಹದ ಚಿತ್ರವಂತೆ. ಅದೇ ಜಹಾಂಗೀರನಿಗೆ 1617ರಲ್ಲಿ ಇಂಗ್ಲಿಷ್ ರಾಯಭಾರಿ ಥಾಮಸ್ ರೋ ಯುರೋಪಿನ ನಕ್ಷೆಗಾರ ಮರ್ಕೇಟರನ ಅಟ್ಲಾಸ್ ಕಾಣಿಕೆ ಕೊಟ್ಟ. ಕೆಲವು ದಿನಗಳಲ್ಲೇ ಅದು ವಾಪಸ್ಸು ಬಂತು, ಇದನ್ನು ಓದಬಲ್ಲವರು ಇಲ್ಲಿ ಯಾರೂ ಇಲ್ಲ ಎಂಬ ಮಾತಿನೊಂದಿಗೆ. ಎರಡು ವರ್ಷದ ಮೇಲೆ, 1619ರಲ್ಲಿ, ರೋ ಕೊಟ್ಟ ಮಾಹಿತಿಯಿಂದ ಲಂಡನ್ನಿನಲ್ಲಿ ಮೊಗಲ್ ಸಾಮ್ರಾಜ್ಯದ ನಕ್ಷೆ ಅಚ್ಚಾಯಿತು. ಕೊಟ್ಟದ್ದು ವಾಪಸ್ಸು ಬಂತು, ತೆಗೆದುಕೊಂಡು ಹೋದದ್ದು ಬರಲಿಲ್ಲ.

ಮರ್ಕೇಟರನ ಹೆಸರು ಬಂದದ್ದರಿಂದ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಗೋಲವನ್ನು ಚಪ್ಪಟೆ ಹಾಳೆಗೆ ಇಳಿಸುವ ಅವನ 1569ರ ವಿಧಾನದಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ಕಾಣುತ್ತದೆ. ನಿಜಕ್ಕೆ ಆಫ್ರಿಕಾ ಅದರ ಸುಮಾರು 14 ಪಟ್ಟು, ಭಾರತವೇ ಅದರ ಒಂದೂವರೆ ಪಟ್ಟು. ಇದು ಬಿಳಿಯರ ಪಿತೂರಿ ಎಂದು ವಾಟ್ಸಾಪಿನಲ್ಲಿ ಆಗಾಗ ಬರುತ್ತದೆ. ನನಗೆ ಹಾಗನ್ನಿಸುವುದಿಲ್ಲ. ದಿಕ್ಸೂಚಿ ಹಿಡಿದ ನಾವಿಕ ಒಂದೇ ದಿಕ್ಕಿಗೆ ಸಾಗುವಾಗ ದಾರಿ ನೇರ ಗೆರೆಯಾಗಿ ಬರಲಿ ಎಂದು ಮಾಡಿದ ಜಾಣ ಲೆಕ್ಕ ಅದು. ಹಡಗಿನಲ್ಲಿರಬೇಕಾದದ್ದನ್ನು ಶಾಲೆಯ ಗೋಡೆಗೆ ತೂಗುಹಾಕಿ, ಬ್ರಿಟಿಷ್ ಸಾಮ್ರಾಜ್ಯಕ್ಕೆಲ್ಲ ಗುಲಾಬಿ ಬಣ್ಣ ಬಳಿದವರನ್ನು ಬೈಯಿರಿ, ಬೇಡ ಎನ್ನುವುದಿಲ್ಲ.

ನನ್ನ ವಾದಕ್ಕೆ ಒಬ್ಬನೇ ಸಾಕ್ಷಿ ಕೊಡಿ ಎಂದರೆ ಜೇಮ್ಸ್ ರೆನೆಲ್‌ನನ್ನು ಕರೆಯುತ್ತೇನೆ. 1765ರಲ್ಲಿ ಬಂಗಾಳದ ದಿವಾನಿ, ಅಂದರೆ ಕಂದಾಯ ಎತ್ತುವ ಹಕ್ಕು, ಕಂಪನಿಯ ಕೈಗೆ ಬಂತು. 1767ರಲ್ಲಿ ರೆನೆಲ್ ಅಲ್ಲಿನ ಸರ್ವೇಯರ್ ಜನರಲ್ ಆದ. ಎರಡು ದಿನಾಂಕಗಳ ನಡುವಿನ ಅಂತರವೇ ಕಥೆ ಹೇಳುತ್ತದೆ. ನದಿ ನದಿ ಅಳೆದ, ಸನ್ಯಾಸಿಗಳ ಕತ್ತಿ ಏಟು ತಿಂದು ಸಾಯುವುದರಲ್ಲಿ ಬದುಕಿದ, ಕೊನೆಗೆ ಬಂಗಾಳದ ಅಟ್ಲಾಸ್ ಹೊರತಂದ. ಅವನ 1782ರ ಹಿಂದೂಸ್ಥಾನದ ನಕ್ಷೆಯ ಮೂಲೆಯಲ್ಲಿ ಒಂದು ಚಿತ್ರವಿದೆ: ಬ್ರಾಹ್ಮಣರು ಸಾಲಾಗಿ ಬಂದು ಬ್ರಿಟನ್ನಿನ ಸಂಕೇತವಾದ ಬ್ರಿಟಾನಿಯಾ ದೇವಿಗೆ ಶಾಸ್ತ್ರಗ್ರಂಥ ಒಪ್ಪಿಸುತ್ತಿದ್ದಾರೆ. ದಕ್ಷಿಣದ ವಿವರ ಅವನಿಗೆ ಸಿಕ್ಕಿದ್ದರಲ್ಲಿ ಸೈನ್ಯ ನಡೆದ ದಾರಿಗಳ ಪಾಲು ದೊಡ್ಡದು. ಟಿಪ್ಪುವಿನ ಮೇಲೆ 1790, 91ರಲ್ಲಿ ಕಂಪನಿಯ ಪಡೆಗಳು ಏರಿಬಂದ ಹಾದಿಯ ಬಗ್ಗೆ ಅವನು ಪ್ರತ್ಯೇಕ ಹೊತ್ತಗೆಯನ್ನೇ ಪ್ರಕಟಿಸಿದ. ಮೈಸೂರು ಸೀಮೆ ನಕ್ಷೆಯಲ್ಲಿ ಸರಿಯಾಗುತ್ತಾ ಬಂದದ್ದು ಹೀಗೆ, ದಂಡು ನಡೆದಷ್ಟು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯ ಅಧಿಕಾರಿ ಕಾಲಿನ್ ಮೆಕೆಂಜಿಯ ಮೋಜಣಿ ಶುರುವಾಯಿತು, 1800ರಲ್ಲಿ ಇನ್ನೊಬ್ಬ ಅಧಿಕಾರಿ ಲ್ಯಾಂಬ್ಟನ್ ಬೆಂಗಳೂರಿನಲ್ಲಿ ಮುಂದಿನ ಅಳತೆಗಳಿಗೆ ಬುನಾದಿಯಾಗುವ ಆಧಾರರೇಖೆ ಎಳೆದ. ಘಟ್ಟದ ಮೇಲಿನ ಖಾಲಿ ಜಾಗದಲ್ಲಿ ಊರು, ಕೆರೆ, ಕೋಟೆ ತುಂಬಿಕೊಂಡವು. ಮೆಕೆಂಜಿಯ ಜೊತೆಗಿದ್ದ ಕಾವಲಿ ವೆಂಕಟ ಬೋರಯ್ಯ ಮತ್ತು ಅವನ ತಮ್ಮಂದಿರು ಶಾಸನ, ಊರೂರಿನ ಹಳೇ ವೃತ್ತಾಂತ ಹೇಳುವ ಕೈಫಿಯತ್ತುಗಳನ್ನೂ ಕೂಡಿಹಾಕಿದರು. ಅದರ ಉಪಕಾರ ನಮ್ಮ ಇತಿಹಾಸಕಾರರ ಮೇಲೆ ಇವತ್ತಿಗೂ ಇದೆ, ಅದನ್ನು ಮುಚ್ಚಿಡಬೇಕಿಲ್ಲ.

ಇಷ್ಟು ಶಿಸ್ತಿನ ಇದೇ ರೆನೆಲ್ 1798ರಲ್ಲಿ, ಮುಂಗೋ ಪಾರ್ಕ್ ಎಂಬ ಪ್ರವಾಸಿಗಾಗಿ ಪಶ್ಚಿಮ ಆಫ್ರಿಕಾದ ನಕ್ಷೆ ಬರೆದುಕೊಟ್ಟ. ಪಾರ್ಕ್ ದೂರದಲ್ಲಿ ಕಾಂಗ್ ಎಂಬ ರಾಜ್ಯದ ಕಡೆ ಬೆಟ್ಟ ಕಂಡೆ ಎಂದಿದ್ದ. ನೈಜರ್ ನದಿ ಪೂರ್ವಕ್ಕೆ ಹರಿದು ಒಳನಾಡಿನಲ್ಲೇ ಮುಗಿಯುತ್ತದೆ ಎಂಬುದು ರೆನೆಲ್‌ನ ಎಣಿಕೆ, ಅದಕ್ಕೆ ದಕ್ಷಿಣದಲ್ಲಿ ಒಂದು ತಡೆ ಬೇಕಿತ್ತು. ಲಂಡನ್ನಿನಲ್ಲಿ ಕೂತು ಪೂರ್ವ ಪಶ್ಚಿಮವಾಗಿ ಒಂದು ಪರ್ವತ ಸಾಲನ್ನೇ ಎಬ್ಬಿಸಿಬಿಟ್ಟ. ಅಂಥದ್ದೊಂದು ಪರ್ವತ ಅಲ್ಲಿಲ್ಲ. ಆದರೆ ಬರೆದವನು ರೆನೆಲ್ ಅಲ್ಲವೇ? ಸುಮಾರು 90 ವರ್ಷ ಹತ್ತಾರು ನಕ್ಷೆಗಾರರು ಅದನ್ನು ನಕಲು ಮಾಡಿದರು, ಕೆಲವರು ಇನ್ನಷ್ಟು ಉದ್ದ ಮಾಡಿದರು. ಆಫ್ರಿಕಾದ ಪಾಲುಪಟ್ಟಿಗೆ ನಿಯಮ ಬರೆದ ಬರ್ಲಿನ್ ಸಮ್ಮೇಳನ 1885ರಲ್ಲಿ ಮುಗಿದಾಗಲೂ ಕಾಂಗ್ ಪರ್ವತಗಳು ನಕ್ಷೆಯಲ್ಲಿ ನಿಂತೇ ಇದ್ದವು.

ಅವನ್ನು ಅಳಿಸಿದವನು ಫ್ರೆಂಚ್ ಸೈನ್ಯದ ಅಧಿಕಾರಿ ಲೂಯಿ ಗುಸ್ತಾವ್ ಬ್ಯಾಂಜೆ. 1887ರಿಂದ 89ರವರೆಗೆ ಆ ಪ್ರದೇಶದಲ್ಲಿ ಸುತ್ತಿ, ಕಾಂಗ್ ಪಟ್ಟಣಕ್ಕೇ ಹೋಗಿ, ಬೆಟ್ಟಸಾಲು ಇಲ್ಲ ಎಂದು ಪ್ಯಾರಿಸ್ಸಿನಲ್ಲಿ ವರದಿ ಒಪ್ಪಿಸಿದ. ಸರಿಯಾದ ನಕ್ಷೆ ಬಂತು. ದಾರಿಯಲ್ಲಿ ಅಲ್ಲಿನ ಅರಸರಿಂದ ಫ್ರೆಂಚ್ ರಕ್ಷಣೆಯ ಕರಾರುಗಳಿಗೆ ಒಪ್ಪಿಗೆಯನ್ನೂ ಪಡೆದಿದ್ದ. 1893ರಲ್ಲಿ ಐವರಿ ಕೋಸ್ಟ್ ವಸಾಹತಾದಾಗ ಅದರ ಮೊದಲ ಗವರ್ನರ್ ಆದವನೂ ಅವನೇ.