ಕೇಬಲ್ ಟೈ ಕೊಟ್ಟ ಲೆಕ್ಕ

ಶನಿವಾರ, 14 ಜೂನ್ 2025

ಬೆಳಿಗ್ಗೆಯೆಲ್ಲ ಕಾರಿನ ಪಕ್ಕ ನೆಲದ ಮೇಲೆ ಬಿದ್ದುಕೊಂಡಿದ್ದೆ. ಬೆನ್ನು ಪೂರ್ತಿ ಧೂಳು. ಆದರೆ ಯಾವ ಕಾಯಿಲ್‌ಓವರ್ (ಕಾರಿನ ಎತ್ತರ ಬದಲಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೆಟ್) ಹಾಕಿಸೋದು ಅನ್ನೋ ಎರಡು ತಿಂಗಳ ಗೊಂದಲ ಇವತ್ತು ಮುಗಿಯಿತು.

ನಿಜ ಹೇಳಬೇಕಂದ್ರೆ ಇದು ಶುರುವಾಗಿದ್ದು ಚಂದಕ್ಕೆ. ಟೈರಿನ ಮೇಲೆ ನಾಲ್ಕು ಬೆರಳು ಜಾಗ ಖಾಲಿ ಇರುವುದು ನೋಡಿ ನೋಡಿ ಬೇಜಾರಾಗಿತ್ತು. 40 ಮಿ.ಮೀ. ಇಳಿಸಿಬಿಡೋಣ ಅಂದುಕೊಂಡಿದ್ದೆ.

ಕಳೆದ ವಾರ ಚಕ್ರ ಬಿಚ್ಚಿ, ಮುಂದಿನ ಶಾಕ್‌ನ ಧೂಳಿನ ಕವರ್ ಮೇಲೆ ಸರಿಸಿ, ಹೊಳೆಯುವ ರಾಡಿಗೆ ಒಂದು ಕೇಬಲ್ ಟೈ ಬಿಗಿದಿದ್ದೆ. ಶಾಕ್ ಒತ್ತಿದಾಗೆಲ್ಲ ಅದರ ಮೈ ಈ ಟೈಯನ್ನು ಮೇಲಕ್ಕೆ ತಳ್ಳುತ್ತದೆ, ವಾಪಸ್ ತರುವುದಿಲ್ಲ. ಒಂದು ವಾರ ಎಂದಿನಂತೆ ಓಡಿಸಿದೆ. ಇವತ್ತು ನೋಡಿದರೆ ಟೈ ಬಂಪ್ ಸ್ಟಾಪ್‌ಗೇ, ಅಂದರೆ ಶಾಕ್‌ನ ಕೊನೆಯಲ್ಲಿ ತಡೆಯುವ ರಬ್ಬರ್ ತುಂಡಿಗೇ, ಹೋಗಿ ಅಂಟಿಕೊಂಡಿದೆ! ಕಾರು ನೆಲದ ಮೇಲೆ ನಿಂತಾಗ ಅಲ್ಲಿಗೆ ಇರುವ ಜಾಗ 45 ಮಿ.ಮೀ. ಅಷ್ಟನ್ನೂ ನಮ್ಮ ಮಾಮೂಲಿ ರಸ್ತೆಯೇ ತಿಂದಿದೆ. ಈ ಶಾಕ್ ಇಟ್ಟುಕೊಂಡು 40 ಇಳಿಸಿದರೆ ಉಳಿಯೋದು 5. ಆಮೇಲೆ ಕಾರು ಕೂರುವುದು ಸ್ಪ್ರಿಂಗ್ ಮೇಲಲ್ಲ, ರಬ್ಬರ್ ತುಂಡಿನ ಮೇಲೆ.

ಹಾಗಾಗಿ ಸ್ಪ್ರಿಂಗ್ ಕೂರುವ ರಿಂಗ್ ತಿರುಗಿಸಿ ಮಾತ್ರ ಎತ್ತರ ಬದಲಿಸುವ ಸೆಟ್ ಬೇಡ ಅಂದುಕೊಂಡೆ. ಅದರಲ್ಲಿ ಇಳಿಸಿದಷ್ಟೂ ಶಾಕ್‌ನ ಓಟ, ಅಂದರೆ ಒತ್ತಲು ಉಳಿಯುವ ಜಾಗ, ಕಡಿಮೆಯಾಗುತ್ತದೆ. ಕೆಳಗಿನ ಬ್ರಾಕೆಟ್ ಒಳಗೆ ಶಾಕ್‌ನ ಮೈಯೇ ತಿರುಗಿ ಹೋಗುವ ಬಗೆಯಲ್ಲಿ ಓಟ ಹಾಗೇ ಇರುತ್ತದೆ. ಅಲ್ಲೂ ಜಾಸ್ತಿ ಇಳಿಸಿದರೆ ಟೈರು ಒಳಗಿನ ಪ್ಲಾಸ್ಟಿಕ್‌ಗೆ ಉಜ್ಜುತ್ತದೆ, ಅದು ಬೇರೆ ಮಾತು.

ಇನ್ನು ಸ್ಪ್ರಿಂಗ್. ಸೆಟ್ ಜೊತೆ ಬರೋದು 6 ಕೆ.ಜಿ., ಅಂದರೆ 1 ಮಿ.ಮೀ. ಒತ್ತಲು 6 ಕೆ.ಜಿ. ಭಾರ ಬೇಕು. ನನ್ನ ಕಾರಿನ ಮುಂದಿನ ಒಂದು ಮೂಲೆಗೆ ಸುಮಾರು 300 ಕೆ.ಜಿ. ಬೀಳುತ್ತದೆ. ಕಂಪನಿಯ ಸ್ಪ್ರಿಂಗ್ 2 ಕೆ.ಜಿ. ಹತ್ತಿರ. ಲೆಕ್ಕ ಹಾಕಿದರೆ ಈಗ ಕಾರು ಸೆಕೆಂಡಿಗೆ 1.3 ಸಲ ಕುಣಿಯುತ್ತದೆ, 6 ಹಾಕಿದರೆ 2.2 ಸಲ. ಅದು ರೇಸ್ ಟ್ರ್ಯಾಕಿಗೆ ಸರಿ. 4 ಹಾಕಿದರೆ 1.8. ಈ ಕಾಗದ ನೋಡಿ ಮನೆಯವಳು ಕೇಳಿದ್ದು ಒಂದೇ ಮಾತು: "ಹಿಂದೆ ಕೂರೋದು ಅತ್ತೆ. ಅವರ ಸೊಂಟ ಈ ಲೆಕ್ಕದಲ್ಲಿ ಎಲ್ಲಿದೆ ರೀ?"

ಹಿಂದಿನ ಸ್ಪ್ರಿಂಗಿನ ಲೆಕ್ಕ ಬೇರೆ. ಅದು ಚಕ್ರದ ನೇರಕ್ಕಿಲ್ಲ, ಚಕ್ರ ಹಿಡಿದಿರುವ ತೋಳಿನ ಮಧ್ಯದಲ್ಲಿದೆ. ಚಕ್ರ 10 ಮಿ.ಮೀ. ಎದ್ದರೆ ಸ್ಪ್ರಿಂಗ್ 7 ಒತ್ತುತ್ತದೆ. ಒತ್ತುವ ದೂರ, ಚಕ್ರಕ್ಕೆ ತಲುಪುವ ಬಲ ಎರಡೂ 0.7 ಪಾಲಿಗೆ ಇಳಿಯುವುದರಿಂದ 0.7ರ ವರ್ಗ 0.49, ಅಂದರೆ ಅಲ್ಲಿನ 6 ಕೆ.ಜಿ. ಸ್ಪ್ರಿಂಗ್ ಚಕ್ರಕ್ಕೆ ಬರೀ 3. ಸದ್ಯ, ಅತ್ತೆ-ಸೊಸೆ ಇಬ್ಬರಿಗೂ ಉತ್ತರ ಸಿಕ್ಕಿತು.

ಡ್ಯಾಂಪಿಂಗ್‌ಗೆ (ಶಾಕ್ ಕುಣಿತ ತಡೆಯುವ ಬಿಗಿಗೆ) 32 ಕ್ಲಿಕ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಒಂದೇ ನಾಬ್ ಇದ್ದರೆ ಅದು ಬದಲಿಸೋದು ಹೆಚ್ಚಾಗಿ ರಿಬೌಂಡ್, ಅಂದರೆ ಒತ್ತಿದ ಶಾಕ್ ವಾಪಸ್ ಚಾಚುವ ವೇಗ. ಸುಮ್ನೆ ಗಟ್ಟಿ ಮಾಡಿಟ್ಟರೆ ಒಂದು ಗುಂಡಿ ದಾಟಿ ಶಾಕ್ ಪೂರ್ತಿ ಚಾಚುವ ಮೊದಲೇ ಇನ್ನೊಂದು ಬರುತ್ತದೆ. ಕಾರು ಹಾಗೇ ಕುಸಿಯುತ್ತಾ ಹೋಗುತ್ತದೆ, ಮತ್ತೆ ಅದೇ ಬಂಪ್ ಸ್ಟಾಪ್. ಎಷ್ಟು ಕ್ಲಿಕ್ ಇದ್ದರೇನು?

ಕೊನೆಗೆ ಬರೆದುಕೊಂಡಿದ್ದು: ಬ್ರಾಕೆಟ್ ತಿರುಗುವ ಬಗೆ, ಮುಂದೆ 4, ಹಿಂದೆ 6, ಇಳಿಸೋದು 20 ಮಾತ್ರ. ಹಾಕಿಸಿದ ಮೇಲೆ ಅಲೈನ್‌ಮೆಂಟ್, ಸ್ಪ್ರಿಂಗ್ ಕೂತ ಮೇಲೆ ಇನ್ನೊಮ್ಮೆ. ಕೇಬಲ್ ಟೈ ಪೊಟ್ಟಣದಲ್ಲಿ ಇನ್ನೂ ಇವೆ, ಹೊಸ ಶಾಕಿಗೂ ಒಂದು ಕಟ್ಟುತ್ತೇನೆ.