ಚಂದ್ರನಿಂದ ಸೋಗಾನೆಗೆ: ಗಾಳಿಯಲ್ಲೇ ವೇಗ ಕಳೆಯುವ ಲೆಕ್ಕ

ಆರ್ಬಿಟರ್ ಎಂಬ ಬಾಹ್ಯಾಕಾಶ ಹಾರಾಟದ ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಚಂದ್ರನಿಂದ ಹೊರಟ ಡೆಲ್ಟಾ ಗ್ಲೈಡರ್ ಎಂಬ ರೆಕ್ಕೆಯ ನೌಕೆಯನ್ನು ಶಿವಮೊಗ್ಗದ ಸೋಗಾನೆ ರನ್‌ವೇಯಲ್ಲಿ ಇಳಿಸಬೇಕು. ಈ ವಾರ ನಡುವಿನ ಹಂತ ಮುಗಿಯಿತು: ಮುಖ್ಯ ಎಂಜಿನ್ ಮುಟ್ಟದೆ, ವಾತಾವರಣದ ತಡೆಯಿಂದಲೇ ವೇಗ ಇಳಿಸಿ 300 ಕಿ.ಮೀ. ಎತ್ತರದ ಕಕ್ಷೆಯ ದಾರಿ ಹಿಡಿಯುವುದು.

ಚಂದ್ರನ ದೂರದಿಂದ ಬೀಳುವ ನೌಕೆ 75 ಕಿ.ಮೀ. ಎತ್ತರದ ಪೆರಿಜಿಗೆ (ಕಕ್ಷೆಯಲ್ಲಿ ಭೂಮಿಗೆ ಅತಿ ಹತ್ತಿರದ ಬಿಂದು) ಬರುವಾಗ ವೇಗ ಸೆಕೆಂಡಿಗೆ 11.03 ಕಿ.ಮೀ. ಅಪೊಜಿ (ಅತಿ ದೂರದ ಬಿಂದು) 300ಕ್ಕೆ ಇಳಿಯಬೇಕಾದರೆ ಪೆರಿಜಿಯಲ್ಲಿ ವೇಗ 7.93 ಇರಬೇಕು. ವ್ಯತ್ಯಾಸ 3.1 ಕಿ.ಮೀ.; ಅಷ್ಟನ್ನೂ ಗಾಳಿಯೇ ತಿನ್ನಬೇಕು. ಆಮೇಲೆ ಅಪೊಜಿಯಲ್ಲಿ ಕಕ್ಷೆ ದುಂಡಗಾಗಿಸಲು ಎಂಜಿನ್ ಕೊಡಬೇಕಾದದ್ದು ಸೆಕೆಂಡಿಗೆ 67 ಮೀಟರ್ ಅಷ್ಟೇ. ಮೊದಮೊದಲು ಗಾಳಿ ಬಹಳ ಉದಾರಿ, ಚೂರು ವೇಗ ಕಳೆದರೂ ಅಪೊಜಿ ಬಹಳ ಇಳಿಯುತ್ತದೆ. 1991ರ ಮಾರ್ಚ್ 19ರಂದು ಜಪಾನಿನ ಹಿಟೆನ್ ನೌಕೆ 125.5 ಕಿ.ಮೀ. ಎತ್ತರದಲ್ಲಿ ಗಾಳಿಯನ್ನು ಸವರಿ ಕಳೆದುಕೊಂಡದ್ದು ಸೆಕೆಂಡಿಗೆ 1.7 ಮೀಟರ್; ಅದಕ್ಕೇ ಅಪೊಜಿ 8,665 ಕಿ.ಮೀ. ಕುಸಿಯಿತು. ಕೊನೆಯ ಹಂತದಲ್ಲಿ 10 ಮೀಟರ್ ಕಳೆದರೂ ಇಳಿಯುವುದು ಸುಮಾರು 34 ಕಿ.ಮೀ. ಮಾತ್ರ.

ಪೆರಿಜಿ ಕೂರಿಸುವುದು: ಚಂದ್ರನ ಹತ್ತಿರವಿದ್ದಾಗ ಆರ್ಬಿಟ್ ಎಂಎಫ್‌ಡಿ (ಕಕ್ಷೆಯ ಅಂಕಿಗಳನ್ನು ತೋರಿಸುವ ಕಾಕ್‌ಪಿಟ್ ಪರದೆ) ತೋರಿಸುವ ಅಂಕಿ ನಂಬಬೇಡಿ. ಚಂದ್ರನ ಸೆಳೆತ ಅದನ್ನು ಅಲುಗಿಸುತ್ತಲೇ ಇರುತ್ತದೆ. ಅಷ್ಟು ದೂರದಲ್ಲಿ ಅಡ್ಡಲಾಗಿ 1 ಮೀಟರ್ ವೇಗ ಬದಲಾದರೆ ಪೆರಿಜಿ ಸುಮಾರು 70 ಕಿ.ಮೀ. ಜಿಗಿಯುತ್ತದೆ. ಭೂಮಿಗೆ 1,00,000 ಕಿ.ಮೀ. ಇದ್ದಾಗ ಅದೇ 1 ಮೀಟರಿಗೆ 18 ಕಿ.ಮೀ. ಅಂತಿಮ ತಿದ್ದುಪಡಿ ಅಲ್ಲೇ, ಆರ್‌ಸಿಎಸ್‌ನ (ನೌಕೆಯನ್ನು ತಿರುಗಿಸುವ, ಸರಿಸುವ ಪುಟ್ಟ ಎಂಜಿನ್‌ಗಳು) ಚಿಕ್ಕ ಚಿಕ್ಕ ಒತ್ತುಗಳಲ್ಲಿ. ಪೆರಿಜಿ 4 ಕಿ.ಮೀ. ತಗ್ಗಿದರೆ ಗಾಳಿಯ ಸಾಂದ್ರತೆ ಹೆಚ್ಚುಕಡಿಮೆ ಇಮ್ಮಡಿ, ಹಾಗಾಗಿ ಒಂದು ಕಿ.ಮೀ. ಒಳಗೆ ತರದೆ ಬಿಡಬಾರದು. ಎಂಎಫ್‌ಡಿ ಭೂಕೇಂದ್ರದಿಂದ ಅಳೆಯುತ್ತಿದೆಯೋ ನೆಲದಿಂದಲೋ ನೋಡಿಕೊಳ್ಳಿ. ಕೇಂದ್ರದಿಂದಾದರೆ 6,446 ಕಾಣಬೇಕು.

ಕೆಲಸ ಕೆಡುವುದು ಇದಾದ ಮೇಲೆ. ಪೆರಿಜಿ ಕರಾರುವಾಕ್ಕಾಗಿದ್ದರೂ ಸುಮ್ಮನೆ ಬಿಟ್ಟರೆ ನೌಕೆ ಗಾಳಿಯಿಂದ ಪುಟಿದು ಆಚೆ ಹೋಗುತ್ತದೆ. 11 ಕಿ.ಮೀ. ವೇಗದಲ್ಲಿ ಭೂಮಿಯ ಬಾಗನ್ನು ಅನುಸರಿಸಲು ಗುರುತ್ವವೊಂದೇ ಸಾಲದು, ಇನ್ನೂ 0.95 ಜಿಯಷ್ಟು (1 ಜಿ ಎಂದರೆ ನೆಲದ ಮೇಲಿನ ಗುರುತ್ವದಷ್ಟು) ಒತ್ತಡ ಕೆಳಕ್ಕೆ ಬೇಕು. ಅದನ್ನು ರೆಕ್ಕೆಯಿಂದ ಪಡೆಯಬೇಕು: ದಾಳಿಕೋನ (ಎದುರು ಗಾಳಿಗೆ ಮೂತಿ ಓರೆಯಾಗಿರುವ ಕೋನ) 40 ಡಿಗ್ರಿ ಹಿಡಿದು ನೌಕೆಯನ್ನು ಪೂರ್ತಿ ಮಗುಚಿ. ಮೂತಿ ಭೂಮಿಯತ್ತ ಬಾಗಿದರೂ ಗಾಳಿ ಬಡಿಯುವುದು ಹೊಟ್ಟೆಗೇ. ವೇಗ ಇಳಿದಂತೆ ಈ ಒತ್ತಡದ ಅಗತ್ಯವೂ ಕರಗುತ್ತದೆ, 7.86ರಲ್ಲಿ ಸೊನ್ನೆ. ಉರುಳುಕೋನವನ್ನು (ನೌಕೆ ಪಕ್ಕಕ್ಕೆ ಉರುಳಿದ ಕೋನ; ಪೂರ್ತಿ ಮಗುಚಿದರೆ 180) 180ರಿಂದ 90ರ ಕಡೆಗೆ ಮೆಲ್ಲಗೆ ತನ್ನಿ, ಎತ್ತರ 75ರ ಆಸುಪಾಸು ನಿಲ್ಲಲಿ. ಅಪೊಜಿ 400ರ ಹತ್ತಿರ ಬಂದಾಗ ನೇರ ಮಾಡಿ ಮೇಲೇಳಿ. ಏರುವಾಗಲೂ ಗಾಳಿ ಒಂದಷ್ಟು ಕೀಳುತ್ತದೆ.

ವೇಗವನ್ನು ಎಲ್ಲಿಂದ ಓದುತ್ತೀರಿ ಎನ್ನುವುದೂ ಮುಖ್ಯ. ಸರ್ಫೇಸ್ ಹಡ್ (ಎದುರಿನ ಗಾಜಿನ ಮೇಲೆ ಅಂಕಿ ಮೂಡಿಸುವ ಪರದೆಯ ಒಂದು ನೋಟ) ತೋರಿಸುವುದು ಭೂಮಿಯೊಂದಿಗೆ ತಿರುಗುವ ಗಾಳಿಗೆ ಹೋಲಿಸಿದ ವೇಗ. ಪೂರ್ವಕ್ಕೆ, 20 ಡಿಗ್ರಿ ಓರೆಯ ಕಕ್ಷೆಯಲ್ಲಿ ಅದು ಸುಮಾರು 0.44 ಕಿ.ಮೀ. ಕಡಿಮೆ. ಅದರಲ್ಲಿ 7.93 ಕಂಡಾಗ ಮೇಲೆದ್ದರೆ ಅಪೊಜಿ ಎಲ್ಲೋ ಹೋಗಿರುತ್ತದೆ. ಆರ್ಬಿಟ್ ಎಂಎಫ್‌ಡಿಯ ವೇಗವನ್ನೇ ಓದಿ. ಗಾಳಿಯೊಳಗೆ ಸಿಮ್ಯುಲೇಟರಿನ ಕಾಲದ ವೇಗ 1ಕ್ಕೇ ಇರಲಿ, ಹೆಚ್ಚಿಸಿದರೆ ಗಣನೆ ಒರಟಾಗಿ ನೌಕೆ ತೂರಾಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಹಾರುವವರಿಗೆ ಇನ್ನೊಂದು: 120 ಕಿ.ಮೀ.ಗೆ ಮೊದಲೇ ಸೇವ್ ಮಾಡಿಡಿ, ಕರೆಂಟು ಹೇಳಿ ಹೋಗುವುದಿಲ್ಲ.

ಮುಂದಿನದು ಇಳಿತ. ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿ ಉತ್ತರದಲ್ಲಿ. ಕಕ್ಷೆಯ ಓರೆ ಅದಕ್ಕಿಂತ ಕಡಿಮೆಯಾದರೆ ಊರಿನ ಮೇಲೆ ಹಾಯುವುದೇ ಇಲ್ಲ. ಚಂದ್ರನ ಕಕ್ಷೆ ಭೂಮಧ್ಯರೇಖೆಗೆ 18ರಿಂದ 28.6 ಡಿಗ್ರಿ ಓರೆ, ಅದೇ ಸಮತಲದಲ್ಲಿ ಮರಳಿದರೆ ಈ ತೊಡಕಿಲ್ಲ. ಸೋಗಾನೆಯ ಬೇಸ್ ಫೈಲ್ (ಸಿಮ್ಯುಲೇಟರಿಗೆ ನಿಲ್ದಾಣವನ್ನು ವಿವರಿಸುವ ಕಡತ) ಬರೆಯಬೇಕು, ರನ್‌ವೇಯ ದಿಕ್ಕು ಕೂರಿಸಬೇಕು.